ಗುರಿಗೆ ಎಷ್ಟು ದೂರ, ಕಣ್ಣಿಗೆ ಎಷ್ಟು ಬೆಳಕು

ಕಳೆದ ಜನವರಿಯ ಒಂದು ಬೆಳಿಗ್ಗೆ ಅಣ್ಣನ ಮಗನ ಜೊತೆ ಕಳಲೆ ಕೆರೆಯ ಏರಿಯ ಮೇಲೆ ಕೂತಿದ್ದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಆಚೆ ದಡದ ಕೆಸರಿನಲ್ಲಿ ಗುಂಪಾಗಿ ನಿಂತಿದ್ದವು. ಸ್ನೇಹಿತರೊಬ್ಬರಿಂದ ಕೇಳಿ ತಂದಿದ್ದ ದುರ್ಬೀನನ್ನು ಟ್ರೈಪಾಡಿನ ಮೇಲೆ ಕೂರಿಸಿದ್ದೆವು. ಹುಡುಗ ಅದರ ಉಂಗುರವನ್ನು ತಿರುಗಿಸುತ್ತಾ ಹೋಗಿ ಕೊನೆಯ ಅಂಕಿ 60ಕ್ಕೆ ತಂದು ನಿಲ್ಲಿಸಿದ. ಹತ್ತು ಗಂಟೆ ದಾಟಿದ ಬಿಸಿಲು. ಗಾಜಿನೊಳಗೆ ಹೆಬ್ಬಾತು ದೊಡ್ಡದಾಗಿಯೇನೋ ಕಂಡಿತು, ಆದರೆ ನೀರಿನಲ್ಲಿ ಅದ್ದಿ ತೆಗೆದ ಬಣ್ಣದ ಹಾಗೆ ಕದಡಿಹೋಗಿತ್ತು. ಉಂಗುರವನ್ನು ಹಿಂದಕ್ಕೆ ತಿರುಗಿಸಿ 20ಕ್ಕೆ ತಂದೆ. ಹಕ್ಕಿ ಚಿಕ್ಕದಾಯಿತು, ಬಿಳಿ ತಲೆಯ ಹಿಂಬದಿಯ ಎರಡು ಕಪ್ಪು ಪಟ್ಟೆಗಳು ಮಾತ್ರ ಶಾಯಿಯಲ್ಲಿ ಎಳೆದಂತೆ ಎದ್ದುಬಂದವು.

"ಚಿಕ್ಕಪ್ಪ, ರೈಫಲ್ ಸ್ಕೋಪಿನಲ್ಲೂ ಹಿಂಗೇನಾ?" ಎಂದ.

"ಹಿಂಗೇ ಕಣಪ್ಪ. ಅಲ್ಲಿ ತಪ್ಪಿದರೆ ಹಕ್ಕಿಯ ಪಟ್ಟೆ ಕಾಣದೆ ಹೋಗುವುದಷ್ಟೇ ಅಲ್ಲ, ಗುಂಡು ಬೇರೆ ಕಡೆ ಹೋಗುತ್ತೆ" ಎಂದೆ.

ಅವನು ಮೈಸೂರಿನಲ್ಲಿ ರೈಫಲ್ ಶೂಟಿಂಗ್ ಕಲಿಯಲು ಸೇರಿ ಆರು ತಿಂಗಳಾಗಿದೆ. ಬೇಟೆಗೆಂದು ಮಾಡಿದ ಸ್ಕೋಪು, ದೂರದ ಗುರಿಗೆಂದು ಮಾಡಿದ ಸ್ಕೋಪು, ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಅವನ ತಲೆ ತುಂಬಾ ಇತ್ತು. ಅವತ್ತು ಏರಿಯ ಮೇಲೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆಯುತ್ತಿದ್ದೇನೆ. ಏಕೆಂದರೆ ಇದು ಬಂದೂಕು ಹಿಡಿದವರಿಗೆ ಮಾತ್ರ ಬೇಕಾದ ವಿಷಯವಲ್ಲ. ಬೈನಾಕ್ಯುಲರ್ ಕೊಳ್ಳುವವರಿಗೂ ಕ್ಯಾಮೆರಾ ಲೆನ್ಸ್ ಕೊಳ್ಳುವವರಿಗೂ ಇದೇ ಲೆಕ್ಕ ಬೇಕು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮಲ್ಲಿ ಬೇಟೆ ಮುಗಿದ ಅಧ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬಾಗಿಲು ಮುಚ್ಚಿತು. ಅದಕ್ಕೆ ಮೊದಲು ನಮ್ಮ ಸೀಮೆ ಬೇಟೆಗೆ ಹೆಸರಾಗಿತ್ತು. ಇಂದಿನ ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1941ರಲ್ಲಿ ಅಲ್ಲೇ ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯಿತು, 1973ರಲ್ಲಿ ಹುಲಿ ಯೋಜನೆ ಬಂತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರು 1900ರ ಸುಮಾರಿಗೆ ಆರಂಭಿಸಿದ ಕಾರ್ಖಾನೆಯಲ್ಲಿ ದೇಶವಿದೇಶದ ಬೇಟೆಗಾರರ ಹುಲಿ, ಚಿರತೆಗಳ ಚರ್ಮವನ್ನು ಅಚ್ಚಿನ ಬೊಂಬೆಗಳ ಮೇಲೆ ಹೊದಿಸಿ ಜೀವಂತದ ಹಾಗೆ ನಿಲ್ಲಿಸುತ್ತಿದ್ದರು. ಅದೂ 1999ರಲ್ಲಿ ಮುಚ್ಚಿತು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಹೋದರೆ ಇವತ್ತಿಗೂ ಹೊಲದ ಅಂಚಿನಿಂದಲೇ ಬಂಡೀಪುರದ ಕಾಡು ಶುರುವಾಗುತ್ತದೆ. ಹಾಗಾಗಿ ಬೇಟೆಯ ಸ್ಕೋಪು ಎಂದಾಗ ನಾನು ಹೇಳುತ್ತಿರುವುದು ಜರ್ಮನಿ, ಅಮೆರಿಕದಂಥ ಕಡೆ ಕಾನೂನಿನ ಪ್ರಕಾರ ಇಂದಿಗೂ ಬೇಟೆಯಾಡುವವರ ಉಪಕರಣದ ಬಗ್ಗೆ.

ನಮ್ಮ ಹಳೆಯ ಶಿಕಾರಿಗಳು ಬಹುಪಾಲು ಸ್ಕೋಪು ಇಲ್ಲದವರೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದವರಿಗೆ ಆಂಡರ್ಸನ್ ಪರಿಚಿತರೇ. ಮಚಾನಿನ ಮೇಲಿಂದ ಹುಲಿ ಇಪ್ಪತ್ತು ಮೂವತ್ತು ಗಜದಲ್ಲಿ ಕಾಣುತ್ತದೆ. ಅಷ್ಟಕ್ಕೆ ನಳಿಗೆಯ ತುದಿಯ ಮಣಿಯೂ ಹಿಂದಿನ ಕಚ್ಚೂ ಸಾಕು. ಆದರೆ ಅಲ್ಲೊಂದು ತೊಡಕಿದೆ. ಹಿಂದಿನ ಕಚ್ಚು, ಮುಂದಿನ ಮಣಿ, ಆಚೆಗಿನ ಗುರಿ, ಮೂರೂ ಮೂರು ದೂರದಲ್ಲಿವೆ. ಕಣ್ಣು ಒಮ್ಮೆಗೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡಬಲ್ಲದು. ನಲವತ್ತು ದಾಟಿ ಚಾಳೀಸು ಬಂದವರಿಗಂತೂ ಮಣಿಯೇ ಮಸುಕು. ಸ್ಕೋಪು ಬಗೆಹರಿಸುವ ಮೊದಲ ಸಮಸ್ಯೆ ಇದೇ. ಗುರಿಯ ಚಿತ್ರವನ್ನೂ ಗುರಿಯಿಡುವ ಗೆರೆಯನ್ನೂ ಅದು ಒಂದೇ ಸಮತಲಕ್ಕೆ ತರುತ್ತದೆ. ಹತ್ತಿರ ತೋರಿಸುವುದು ಅದರ ಎರಡನೆಯ ಕೆಲಸ.

ಈಗ ಅಂಕಿಗಳಿಗೆ ಬರೋಣ. ಬೇಟೆಯ ಸ್ಕೋಪಿನ ಮೇಲೆ ಸಾಮಾನ್ಯವಾಗಿ 3–9×40 ಎಂದಿರುತ್ತದೆ. ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಎಂದರ್ಥ. ದೂರದ ಗುರಿಯ ಸ್ಕೋಪಿನ ಮೇಲೆ 5–25×56 ಎಂದಿರಬಹುದು. ಅಂಗಡಿಯಲ್ಲಿ ನಿಂತವನ ಕೈ ತಾನಾಗಿ ದೊಡ್ಡ ಅಂಕಿಯ ಕಡೆ ಹೋಗುತ್ತದೆ. ಅಲ್ಲೇ ಮೊದಲ ಎಡವಟ್ಟು.

ಮನೆಯಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಬಹುದು. ಯಾವುದಾದರೂ ಬೈನಾಕ್ಯುಲರನ್ನು ಬೆಳಕಿರುವ ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಮಾತ್ರ ಬೇಡ), ಕಣ್ಣಿಗೆ ಹಚ್ಚದೆ ಒಂದು ಮೊಳ ದೂರದಿಂದ ನೋಡಿ. ಕಣ್ಣಿಡುವ ಗಾಜಿನ ನಡುವೆ ಬೆಳ್ಳಗಿನ ಪುಟ್ಟ ಬಿಲ್ಲೆ ಕಾಣುತ್ತದೆ. ಒಳಗಿಂದ ಬರುವ ಬೆಳಕೆಲ್ಲ ಆ ಬಿಲ್ಲೆಯಲ್ಲೇ ಇದೆ. ಅದರ ಅಗಲ ಎಷ್ಟು? ಮುಂದಿನ ಗಾಜಿನ ಅಗಲವನ್ನು ಎಷ್ಟು ಪಟ್ಟು ಎಂಬುದರಿಂದ ಭಾಗಿಸಿದಷ್ಟು. 40 ಮಿಲಿಮೀಟರ್ ಗಾಜು, ನಾಲ್ಕು ಪಟ್ಟು ಎಂದರೆ 10 ಮಿಲಿಮೀಟರ್. ಅದೇ ಗಾಜು ಒಂಬತ್ತು ಪಟ್ಟಿನಲ್ಲಿ ಸುಮಾರು 4.4. ಇನ್ನು 56 ಮಿಲಿಮೀಟರ್ ಗಾಜನ್ನು 25 ಪಟ್ಟಿಗೆ ಏರಿಸಿದರೆ ಬರೀ 2.2.

ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ, ಹರೆಯದಲ್ಲಿ, ಸುಮಾರು 7 ಮಿಲಿಮೀಟರಿನಷ್ಟು ಅರಳುತ್ತದೆ. ವಯಸ್ಸಾದಂತೆ ಅಷ್ಟು ಅರಳುವುದಿಲ್ಲ. ಸಂಜೆ ಕತ್ತಲು ಕವಿಯುವಾಗ 2.2 ಮಿಲಿಮೀಟರ್ ಬಿಲ್ಲೆಯಿಂದ ಬರುವ ಬೆಳಕು ಅರಳಿದ ಪಾಪೆಗೆ ಸಾಲದು, ಚಿತ್ರ ಕಪ್ಪಿಡುತ್ತದೆ. ಜರ್ಮನಿಯಲ್ಲಿ ರಾತ್ರಿ ಅಟ್ಟಣೆ ಮೇಲೆ ಕೂತು ಕಾಡುಹಂದಿ ಕಾಯುವವರು ಬಹುಕಾಲ 8×56 ಸ್ಕೋಪನ್ನು ಮೆಚ್ಚಿಕೊಂಡದ್ದು ಇದಕ್ಕೇ. 56ನ್ನು 8ರಿಂದ ಭಾಗಿಸಿ, ಸರಿಯಾಗಿ 7 ಬರುತ್ತದೆ. ಗಾಜಿನ ಲೇಪವೂ ಇಲ್ಲಿ ಮುಖ್ಯ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಒಂದು ಸ್ಕೋಪಿನೊಳಗೆ ಅಂಥ ಎಷ್ಟೋ ಮೈಗಳಿವೆ. ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಲೇಪ ಕಂಡುಹಿಡಿದ ಮೇಲೆ ಮುಸ್ಸಂಜೆಗೆ ಇನ್ನಷ್ಟು ನಿಮಿಷ ಸೇರಿದವು ಎನ್ನಬಹುದು.

ಬೇಟೆಗಾರನಿಗೆ ಕೊರತೆ ಇರುವುದು ಬೆಳಕಿನದು, ಸಮಯದ್ದು. ಪ್ರಾಣಿ ಪೊದೆಯಿಂದ ಹೊರಬಂದು ಇನ್ನೊಂದು ಪೊದೆಗೆ ಸೇರುವಷ್ಟರಲ್ಲಿ ನೋಡಬೇಕು, ಗುರುತಿಸಬೇಕು, ನಿರ್ಧರಿಸಬೇಕು. ಹೊಡೆಯಬಾರದ ಪ್ರಾಣಿ ಎಂದು ತಿಳಿಯುವುದೂ ಆ ನಿರ್ಧಾರದ ಭಾಗವೇ. ಮೂರು ಪಟ್ಟಿನಲ್ಲಿ ನೂರು ಮೀಟರ್ ದೂರದ ಸುಮಾರು 11 ಮೀಟರ್ ಅಗಲದ ಜಾಗ ಕಣ್ಣಿಗೆ ಬೀಳುತ್ತದೆ. 25 ಪಟ್ಟಿನಲ್ಲಿ ಒಂದೂವರೆ ಮೀಟರ್ ಅಷ್ಟೇ. ಅಷ್ಟು ಸಣ್ಣ ಕಿಂಡಿಯಲ್ಲಿ ಓಡುವ ಪ್ರಾಣಿಯನ್ನು ಹುಡುಕುವುದೆಂದರೆ ಸಂತೆಯಲ್ಲಿ ಕೊಳವೆ ಹಿಡಿದು ಮಗುವನ್ನು ಹುಡುಕಿದ ಹಾಗೆ. ಹಾಗಾಗಿಯೇ ಬೇಟೆಯ ಸ್ಕೋಪಿನ ಪಟ್ಟು ಕಡಿಮೆ, ಮೈ ಹಗುರ, ಸಾಮಾನ್ಯವಾಗಿ ಅರ್ಧ ಕಿಲೋ ಒಳಗೆ. ಅದರ ಗೆರೆಗಳು ಸರಳ. ಲೂಪೋಲ್ಡ್ ಕಂಪನಿ 1962ರಲ್ಲಿ ತಂದ ಡ್ಯೂಪ್ಲೆಕ್ಸ್ ಎಂಬ ವಿನ್ಯಾಸದಲ್ಲಿ ನಾಲ್ಕು ಕಡೆಯಿಂದಲೂ ದಪ್ಪ ಗೆರೆಗಳು ಬಂದು ನಡುವಿನಲ್ಲಿ ತೆಳ್ಳಗಾಗುತ್ತವೆ. ನಸುಗತ್ತಲಲ್ಲಿ ತೆಳುಗೆರೆ ಅಳಿಸಿಹೋದರೂ ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ಕರೆದುಕೊಂಡು ಹೋಗುತ್ತವೆ. ಗೆರೆ ಸರಿಸುವ ತಿರುಗುಣಿಗಳಿಗೆ ಮುಚ್ಚಳ ಇರುತ್ತದೆ. ಕಾಡಿನಲ್ಲಿ ಪೊದೆ ತಗುಲಿ ಅವು ತಿರುಗಿಬಿಟ್ಟರೆ ಮುಂದಿನ ಗುಂಡು ಪ್ರಾಣಿಯ ಎದೆಗೆ ಬೀಳುವ ಬದಲು ಹೊಟ್ಟೆಗೆ ಬೀಳುತ್ತದೆ. ಗಾಯಗೊಂಡ ಪ್ರಾಣಿ ನರಳಿ ಸಾಯುತ್ತದೆ, ಇಲ್ಲವೇ ಮನುಷ್ಯನ ಮೇಲೆ ತಿರುಗಿಬೀಳುತ್ತದೆ.

ದೂರದ ಗುರಿಯವನ ಕಷ್ಟ ಬೇರೆ. ಅವನಿಗೆ ಹಗಲಿದೆ, ಸಮಯವಿದೆ, ಗುರಿ ನಿಂತಲ್ಲೇ ನಿಂತಿದೆ. ಅವನ ಎದುರಾಳಿಗಳು ಭೂಮಿಯ ಸೆಳೆತ ಮತ್ತು ಗಾಳಿ. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ದೊಡ್ಡ ಪಂದ್ಯಗಳು ನಡೆಯುತ್ತಿವೆ. ಸ್ಕೋಪು ಬಳಸಲು ಬಿಡುವ ಎಫ್-ಕ್ಲಾಸ್ ಎಂಬ ಸ್ಪರ್ಧೆ ಕೆನಡಾದಲ್ಲಿ ಹುಟ್ಟಿತು. ಅದರಲ್ಲಿ ಸಾವಿರ ಗಜ ದೂರದಿಂದ ಸುಮಾರು 25 ಸೆಂಟಿಮೀಟರ್ ಅಗಲದ ವೃತ್ತಕ್ಕೆ ಹೊಡೆಯಬೇಕು, ಅಂದರೆ ಕಳಲೆಯ ಏರಿಯಲ್ಲಿ ನಿಂತು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಆಚೆಗಿನ ಊಟದ ತಟ್ಟೆಗೆ. ನೂರು ಗಜಕ್ಕೆ ಸರಿಹೊಂದಿಸಿದ .308 ರೈಫಲಿನ ಗುಂಡು ಸಾವಿರ ಗಜ ತಲುಪುವ ಹೊತ್ತಿಗೆ ಸುಮಾರು 10 ಮೀಟರ್ ಕೆಳಗೆ ಇಳಿದಿರುತ್ತದೆ, ಮೂರು ಅಂತಸ್ತಿನ ಮನೆಯ ಎತ್ತರದಷ್ಟು. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ, ಅಂದರೆ ಕೆರೆಯ ಮೇಲೆ ದಿನವೂ ಬೀಸುವಂಥದು, ಆ ಗುಂಡನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ.

ಇದನ್ನು ಕಣ್ಣಂದಾಜಿನಲ್ಲಿ ಸರಿಪಡಿಸಲು ಆಗದು, ಅಳೆಯಬೇಕು. ಅದಕ್ಕೆ ಶೂಟರ್‌ಗಳ ಬಳಿ ಎರಡು ಅಳತೆಗೋಲುಗಳಿವೆ. ಒಂದು ಎಂಒಎ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಭಾಗ ಇದು. ನೂರು ಮೀಟರಿನಲ್ಲಿ ಅದು ಸುಮಾರು 2.9 ಸೆಂಟಿಮೀಟರ್. ಇನ್ನೊಂದು ಮಿಲ್, ನೂರು ಮೀಟರಿನಲ್ಲಿ 10 ಸೆಂಟಿಮೀಟರ್, ಸಾವಿರ ಮೀಟರಿನಲ್ಲಿ ಒಂದು ಮೀಟರ್. ತಿರುಗುಣಿಯನ್ನು ಒಂದು ಹಲ್ಲು ತಿರುಗಿಸಿದರೆ ಟಕ್ ಎಂದು ಕೈಗೆ ತಿಳಿಯುತ್ತದೆ. ಆ ಒಂದು ಕ್ಲಿಕ್ಕಿಗೆ ಎಂಒಎಯ ಕಾಲು ಭಾಗ, ಇಲ್ಲವೇ ಮಿಲ್ಲಿನ ಹತ್ತನೇ ಒಂದು ಭಾಗ ಗುರಿ ಸರಿಯುತ್ತದೆ. ಮಿಲ್ ಸ್ಕೋಪಿನಲ್ಲಿ ನೂರು ಮೀಟರಿಗೆ ಒಂದು ಕ್ಲಿಕ್ ಎಂದರೆ ಒಂದು ಸೆಂಟಿಮೀಟರ್. ಮೆಟ್ರಿಕ್ ಲೆಕ್ಕದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮಿಲ್ ಸುಲಭ ಎಂಬುದು ನನ್ನ ಅನುಭವ. ದೂರದ ಗುರಿಯ ಸ್ಕೋಪಿನ ತಿರುಗುಣಿಗಳು ಮುಚ್ಚಳವಿಲ್ಲದೆ ದೊಡ್ಡದಾಗಿ ಎದ್ದು ನಿಂತಿರುವುದು, ಅಂಕಿಗಳನ್ನು ಕೆತ್ತಿರುವುದು ಇದಕ್ಕೇ. ಅದನ್ನು ದಿನಕ್ಕೆ ನೂರು ಸಲ ತಿರುಗಿಸಬೇಕು. ಹತ್ತು ಕ್ಲಿಕ್ ಮೇಲೆ ಹೋಗಿ ಹತ್ತು ಕ್ಲಿಕ್ ಕೆಳಗೆ ಬಂದರೆ ಹೊರಟ ಜಾಗಕ್ಕೇ ವಾಪಸು ಬರಬೇಕು. ಸ್ಕೋಪಿನ ಯೋಗ್ಯತೆ ಎಷ್ಟು ಹತ್ತಿರ ತೋರಿಸುತ್ತದೆ ಎಂಬುದಕ್ಕಿಂತ ಈ ಮಾತಿಗೆ ತಪ್ಪದ ಗುಣದಲ್ಲಿದೆ.

ರೆಟಿಕಲ್ ಎಂದು ಕರೆಯುವ ಆ ಗುರಿಗೆರೆಯನ್ನು ಎಲ್ಲಿ ಕೂರಿಸಿದ್ದಾರೆ ಎಂಬುದೂ ಎರಡು ಬಗೆಯ ಸ್ಕೋಪುಗಳನ್ನು ಬೇರೆ ಮಾಡುತ್ತದೆ. ಹಿಗ್ಗಿಸುವ ಮಸೂರಗಳ ಮುಂದೆ ಕೂರಿಸಿದರೆ ಚಿತ್ರ ದೊಡ್ಡದಾದಂತೆ ಗೆರೆಯೂ ದೊಡ್ಡದಾಗುತ್ತದೆ, ಅದರ ಮೇಲಿನ ಅಳತೆ ಗುರುತುಗಳು ಯಾವ ಪಟ್ಟಿನಲ್ಲೂ ಸರಿಯಾಗಿರುತ್ತವೆ. ಇದು ಫಸ್ಟ್ ಫೋಕಲ್ ಪ್ಲೇನ್. ಹಿಂದೆ ಕೂರಿಸಿದರೆ ಗೆರೆ ಸದಾ ಒಂದೇ ಗಾತ್ರ, ಗುರುತುಗಳು ಒಂದೇ ಒಂದು ಪಟ್ಟಿನಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ, ನಿಜ ಹೇಳುತ್ತವೆ. ಇದು ಸೆಕೆಂಡ್ ಫೋಕಲ್ ಪ್ಲೇನ್. ಬೇರೆ ಬೇರೆ ದೂರಗಳನ್ನು ಅಳೆಯುತ್ತಾ ಹೊಡೆಯುವವನಿಗೆ ಮೊದಲನೆಯದು ಅನುಕೂಲ. ಅಳೆಯದೆ ಹೊಡೆಯುವ ಬೇಟೆಗಾರನಿಗೆ, ಕಡಿಮೆ ಪಟ್ಟಿನಲ್ಲೂ ಕೂದಲಿನಂತೆ ಸಣ್ಣಗಾಗದ ಎರಡನೆಯದು ಅನುಕೂಲ. ಸದಾ ಗರಿಷ್ಠ ಪಟ್ಟಿನಲ್ಲೇ ಒಂದೇ ದೂರಕ್ಕೆ ಹೊಡೆಯುವ ಸ್ಪರ್ಧಿಯೂ ಎರಡನೆಯದನ್ನೇ ಆರಿಸಿಕೊಳ್ಳಬಹುದು.

ಇನ್ನು ಪ್ಯಾರಲಾಕ್ಸ್. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಚಾಚಿ ದೂರದ ತೆಂಗಿನ ಮರಕ್ಕೆ ಸರಿಯಾಗಿ ಹಿಡಿಯಿರಿ. ಬೆರಳು ಅಲ್ಲೇ ಇರಲಿ, ತಲೆಯನ್ನು ಅತ್ತಿತ್ತ ಆಡಿಸಿ. ಬೆರಳು ಮರ ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಗೆರೆಯೂ ಗುರಿಯ ಚಿತ್ರವೂ ಒಂದೇ ಸಮತಲದಲ್ಲಿ ಕೂರದಿದ್ದರೆ ಸ್ಕೋಪಿನೊಳಗೂ ಹೀಗೆಯೇ ಆಗುತ್ತದೆ. ಬೇಟೆಯ ಸ್ಕೋಪಿನಲ್ಲಿ ಇದನ್ನು ಕಾರ್ಖಾನೆಯಲ್ಲೇ ಸುಮಾರು ನೂರು ಗಜಕ್ಕೆ ಹೊಂದಿಸಿ ಬಿಟ್ಟಿರುತ್ತಾರೆ, ಆ ಕೆಲಸಕ್ಕೆ ಸಾಕು. ಐನೂರು, ಸಾವಿರ ಗಜಕ್ಕೆ ಸಾಲದು. ಆದ್ದರಿಂದ ಗುರಿಯ ಸ್ಕೋಪಿನ ಎಡಮಗ್ಗುಲಲ್ಲಿ ಮೂರನೆಯದೊಂದು ತಿರುಗುಣಿ ಇರುತ್ತದೆ. ಇವೆಲ್ಲ ಸೇರಿ ಆ ಸ್ಕೋಪು ಒಂದು ಕಿಲೋ ತೂಗಿದರೂ ಆಶ್ಚರ್ಯವಿಲ್ಲ. ಮರಳಿನ ಚೀಲದ ಮೇಲೆ ಮಲಗಿಸಿ ಹೊಡೆಯುವ ರೈಫಲಿಗೆ ಅದು ಭಾರವಲ್ಲ, ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುವವನಿಗೆ ಭಾರ.

ಹಾಗಾದರೆ ಆ 25 ಪಟ್ಟಾದರೂ ಪೂರ್ತಿ ಉಪಯೋಗಕ್ಕೆ ಬರುತ್ತದೆಯೇ ಎಂದರೆ, ಅಲ್ಲೂ ನಮ್ಮ ಕೆರೆಯ ಪಾಠವೇ. ನೆಲ ಕಾದಾಗ ಏಳುವ ಬಿಸಿಲುಗುದುರೆಯನ್ನೂ ಸ್ಕೋಪು ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಅನುಭವಿ ಶೂಟರ್ ಪಟ್ಟನ್ನು ಇಳಿಸುತ್ತಾನೆ, ಆ ಕುದುರೆ ಯಾವ ಕಡೆ ಓಡುತ್ತಿದೆ ಎಂದು ನೋಡಿ ಗಾಳಿಯ ದಿಕ್ಕನ್ನೂ ವೇಗವನ್ನೂ ಅದರಿಂದಲೇ ಓದುತ್ತಾನೆ. ನಮಗೆ ಕಣ್ಕಟ್ಟು ಎನಿಸುವುದು ಅವನಿಗೆ ಮಾಹಿತಿ.

ನಮ್ಮ ರಾಜ್ಯದ ಗುರಿಕಾರರಿಗೆ ಇದರಲ್ಲಿ ಎಷ್ಟು ಬೇಕು? ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅಲ್ಲಿ ಬರಿಗಣ್ಣು, ನಳಿಗೆಯ ಮಣಿ, ಗಟ್ಟಿ ಕೈ, ಇಷ್ಟೇ. ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳಲ್ಲೂ ಸ್ಕೋಪಿಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರಿನಲ್ಲಿ ಕಂಚು ಗೆದ್ದದ್ದು ಸಣ್ಣ ರಂಧ್ರದ ಮೂಲಕ ನೋಡುವ ಸೈಟಿನಿಂದ. 10 ಮೀಟರ್ ಏರ್ ರೈಫಲ್ ಗುರಿಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅದನ್ನು ಯಾವ ಗಾಜೂ ಹತ್ತಿರ ತಂದುಕೊಡುವುದಿಲ್ಲ. ಉಸಿರು, ನಿಲುವು, ಬೆರಳಿನ ಹದ, ಇವುಗಳಿಂದಲೇ ಅಲ್ಲಿಗೆ ತಲುಪಬೇಕು. ಹುಡುಗನಿಗೆ ನಾನು ಒತ್ತಿ ಹೇಳಿದ್ದು ಇದನ್ನೇ: ನೀನೀಗ ಕಲಿಯುತ್ತಿರುವ ಆಟಕ್ಕೆ ಸ್ಕೋಪೇ ಬೇಡ.

ಆದರೂ ನಂಜನಗೂಡು, ತಿ. ನರಸೀಪುರ ಎಂಬ ನಮ್ಮ ಎರಡು ತಾಲ್ಲೂಕುಗಳಲ್ಲಿ ಬಂದೂಕಿನ ಮೇಲಿನ ಸೈಟು ಬದುಕು ಸಾವಿನ ಪ್ರಶ್ನೆಯಾಗುವ ಒಂದು ಸಂದರ್ಭ ಉಳಿದಿದೆ. 2022ರ ಕೊನೆ ಮತ್ತು 2023ರ ಆರಂಭದ ಆ ಕೆಲವು ತಿಂಗಳು ತಿ. ನರಸೀಪುರದವರಿಗೆ ಮರೆಯುವಂಥದಲ್ಲ. ಚಿರತೆ ದಾಳಿಗೆ ನಾಲ್ವರು ಬಲಿಯಾದರು, ಅವರಲ್ಲಿ ಓದುವ ಮಕ್ಕಳೂ ಇದ್ದರು. ಕಂಡಲ್ಲಿ ಗುಂಡಿಕ್ಕಲು ಆದೇಶವೂ ಆಯಿತು, ಮೈಸೂರಿಗೆಂದೇ ಚಿರತೆ ಕಾರ್ಯಪಡೆ ರಚನೆಯಾಯಿತು. ಕಾನೂನಿನ ಪ್ರಕಾರ ಅಂಥ ಪ್ರಾಣಿಯನ್ನು ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಆಗುವುದೇ ಇಲ್ಲ ಎಂದಾದಾಗ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಅನುಮತಿ ಕೊಡಬಹುದು. ಹಾಗಾಗಿ ಅರಣ್ಯ ಇಲಾಖೆಯ ವೈದ್ಯರ ಕೈಯಲ್ಲಿ ಮೊದಲು ಕಾಣುವುದು ಅರಿವಳಿಕೆ ಬಂದೂಕು.

ಅದರಿಂದ ಹೊರಡುವುದು ಗುಂಡಲ್ಲ, ಔಷಧಿ ತುಂಬಿದ ಸಿರಿಂಜು. ನಿಧಾನವಾಗಿ ಹೋಗುತ್ತದೆ, ಬೇಗ ಕೆಳಗಿಳಿಯುತ್ತದೆ. ಹತ್ತಾರು ಮೀಟರ್ ದೂರದವರೆಗೆ ಮಾತ್ರ ನಂಬಿಕೆಗೆ ಅರ್ಹ. ದೂರ ನೋಡಿ ಅನಿಲದ ಒತ್ತಡ ಹೊಂದಿಸಬೇಕು. ಒತ್ತಡ ಕಡಿಮೆಯಾದರೆ ಸಿರಿಂಜು ಪ್ರಾಣಿಯ ಕಾಲ ಬಳಿ ಬೀಳುತ್ತದೆ, ಹೆಚ್ಚಾದರೆ ಮೂಳೆ ಮುರಿಯುತ್ತದೆ. ಬೀಳಬೇಕಾದ್ದು ತೊಡೆಯ ಅಥವಾ ಭುಜದ ದಪ್ಪ ಮಾಂಸದ ಮೇಲೆ, ಅಂಗೈ ಅಗಲದ ಜಾಗಕ್ಕೆ. ಸಾಮಾನ್ಯವಾಗಿ ಬೆಳಕೂ ಕಡಿಮೆ, ಸಮಯವೂ ಕಡಿಮೆ, ಕಬ್ಬಿನ ಗದ್ದೆಯ ಸುತ್ತ ಜನವೋ ಜನ. ಯೋಚಿಸಿ ನೋಡಿ: ಇಲ್ಲಿ ಬೇಟೆಯವನ ಕಷ್ಟವೂ ಇದೆ, ದೂರದ ಗುರಿಯವನ ಕಷ್ಟವೂ ಇದೆ. ಬೇಕಾದ್ದು ಕಡಿಮೆ ಪಟ್ಟಿನ, ಅಗಲ ನೋಟದ, ಬೆಳಕು ತುಂಬಿದ ಸೈಟು, ಜೊತೆಗೆ ದೂರವನ್ನು ಮೀಟರಿನಲ್ಲಿ ಕರಾರುವಾಕ್ಕಾಗಿ ಹೇಳುವ ರೇಂಜ್‌ಫೈಂಡರ್. ಊರಿನವರಾದ ನಾವು ಮಾಡಬಹುದಾದ ದೊಡ್ಡ ಉಪಕಾರ ಗುಂಪು ಸೇರದೆ ದೂರ ನಿಲ್ಲುವುದು. ಆ ವೈದ್ಯರಿಗೆ ಸಿಗುವ ಕೆಲವು ಕ್ಷಣಗಳನ್ನು ನಮ್ಮ ಕೂಗಾಟ ಕಿತ್ತುಕೊಳ್ಳಬಾರದು. ಅಲ್ಲಿ ತಪ್ಪಿದ ಒಂದು ಸಿರಿಂಜಿನ ಬೆಲೆಯನ್ನು ಮತ್ತೊಂದು ಮನೆಯೋ ಆ ಪ್ರಾಣಿಯೋ ತೆರಬೇಕಾಗುತ್ತದೆ.

ಹೀಗೆ ಎಲ್ಲವನ್ನೂ ಕೂಡಿಸಿ ನೋಡಿದರೆ ಯಾವ ಸ್ಕೋಪು ಮೇಲು ಎಂಬ ಪ್ರಶ್ನೆಗೆ ಉತ್ತರ ಗಾಜಿನಲ್ಲಿಲ್ಲ. ನನಗೆ ಕಡಿಮೆ ಬಿದ್ದಿರುವುದು ಏನು ಎಂದು ಮೊದಲು ಕೇಳಿಕೊಳ್ಳಬೇಕು. ಬೆಳಕು, ಸಮಯ ಕಡಿಮೆ ಇದ್ದರೆ ಕಡಿಮೆ ಪಟ್ಟು, ಅಗಲ ನೋಟ, ಸರಳ ಗೆರೆ, ಹಗುರ ಮೈ. ದೂರ ಹೆಚ್ಚಿ ಅಳತೆ ಬೇಕಾಗಿದ್ದರೆ ಹೆಚ್ಚಿನ ಪಟ್ಟು, ಗುರುತಿರುವ ಗೆರೆ, ಮಾತಿಗೆ ತಪ್ಪದ ತಿರುಗುಣಿ. ಹಕ್ಕಿ ನೋಡುವವರಿಗೆ 8×42 ಬೈನಾಕ್ಯುಲರ್ ಒಗ್ಗುವುದೂ ಈ ಲೆಕ್ಕದಿಂದಲೇ. 42ನ್ನು 8ರಿಂದ ಭಾಗಿಸಿದರೆ ಐದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಬೆಳಗಿನ ಮಂಜಿಗೂ ಸಾಕು, ಕೈ ನಡುಕಕ್ಕೂ ಮಿತಿ.

ಮಾತು ಮುಗಿಯುವ ಹೊತ್ತಿಗೆ ಹೆಬ್ಬಾತುಗಳು ಎದ್ದು ಗದ್ದೆಯ ಕಡೆ ತಿರುಗಿದ್ದವು. ಮಂಗೋಲಿಯಾದಲ್ಲಿ ಸಂಶೋಧಕರು ಇವುಗಳ ಕೊರಳಿಗೆ ಅಕ್ಷರ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ, ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ ಎಂದು ಹೇಳಿದೆ. ಆ ಅಕ್ಷರವನ್ನು ಇಲ್ಲಿಂದ ಓದಿದವರು ಒಂದೂ ಗುಂಡು ಹಾರಿಸದೆ ಸಾವಿರಾರು ಕಿಲೋಮೀಟರಿನ ಗುರಿ ಮುಟ್ಟಿದಂತೆ. ಹುಡುಗ ಏನೂ ಹೇಳಲಿಲ್ಲ. ಉಂಗುರ 20ರಲ್ಲೇ ಇದೆಯೇ ಎಂದು ಬೆರಳಿನಿಂದ ತಡವಿ ನೋಡಿ, ದುರ್ಬೀನನ್ನು ಗದ್ದೆಯ ಕಡೆ ತಿರುಗಿಸಿ, ಒಂದೊಂದೇ ಹಕ್ಕಿಯ ಕೊರಳನ್ನು ಹುಡುಕತೊಡಗಿದ.